ಸೋರುವ ಮಾಳಿಗೆಯ ಗೂಢಾರ್ಥ

ಶಿಶುನಾಳ ಷರೀಫರ (1819–1889) ತತ್ತ್ವಪದಗಳಿಗೆ ಅರ್ಥ ಹೇಳುವ ಸುಲಭಕ್ರಮವೊಂದು ನಮ್ಮ ತರಗತಿಗಳಲ್ಲಿ ರೂಢವಾಗಿದೆ. ಮನೆಯೆಂದರೆ ದೇಹ, ಮಳೆಯೆಂದರೆ ಸಂಸಾರ ಎಂದು ಪಟ್ಟಿ ಬರೆಸಿದರೆ ಗೂಢವು ಬಯಲಾಯಿತೆಂದು ಭಾವನೆ. ಅಲ್ಲಮಪ್ರಭುವಿನ ಬೆಡಗಿನ ವಚನಗಳಿಗೆ ಟೀಕೆ ಬರೆದ ವೀರಶೈವ ವಿದ್ವಾಂಸರೂ ಸಂಕೇತಗಳನ್ನು ಬಿಡಿಸಿದರು, ನಿಜ. ಆದರೆ ಅವರ ಮುಂದೆ ಷಟ್‌ಸ್ಥಲಶಾಸ್ತ್ರವು ಸಿದ್ಧವಾಗಿದ್ದಿತು. ಮುಸಲ್ಮಾನ ಮನೆತನದಲ್ಲಿ ಹುಟ್ಟಿ ಗೋವಿಂದಭಟ್ಟರ ಶಿಷ್ಯರಾದ ಷರೀಫರು ಅಂಥ ಒಂದೇ ಶಾಸ್ತ್ರಕ್ಕೆ ಒಳಪಡುವವರಲ್ಲ.

ಸೋರುವ ಮಾಳಿಗೆಯ ಪದವನ್ನೇ ನೋಡಬಹುದು. ಅಲ್ಲಿ ಸೋರಿಕೆಗೆ ಕಾರಣವೆಂದು ಹೇಳಿರುವುದು ಅಜ್ಞಾನವನ್ನು. ಮಾಳಿಗೆಯು ದೇಹವೇ ಆದರೆ ಈ ಮಾತು ಹೊಂದುವುದೆಂತು? ದೇಹವು ಜೀರ್ಣವಾಗುವುದು ವಯಸ್ಸಿನಿಂದ. ಜ್ಞಾನಿಗೂ ಅದು ತಪ್ಪಿದ್ದಲ್ಲ. ಕೊಡಿಗೇನಹಳ್ಳಿಯ ಕಡೆಯ ಹಳೆಯ ಮಣ್ಣಿನ ಮಾಳಿಗೆಗಳನ್ನು ಬಲ್ಲವರಿಗೆ ಉತ್ತರ ದೂರವಿಲ್ಲ. ಮಳೆಗಾಲಕ್ಕೆ ಮುನ್ನ ಹೊಸಮಣ್ಣು ಹರಡಿ, ತುಳಿದು, ಬಿರುಕು ಮುಚ್ಚದಿದ್ದರೆ ಮಾಳಿಗೆ ಸೋರುತ್ತದೆ. ಅದು ಮಳೆಯ ತಪ್ಪಲ್ಲ, ಯಜಮಾನನ ಉದಾಸೀನ. ಪದದ ಆಕ್ಷೇಪವಿರುವುದು ಈ ಯಜಮಾನನ ಮೇಲೆ, ಅರ್ಥಾತ್ ಮನಸ್ಸಿನ ಮೇಲೆ. ಅಲ್ಲಿ ಬರುವ ತೊಲೆ, ಜಂತಿಗಳಿಗೂ ಒಂದೊಂದು ಇಂದ್ರಿಯವನ್ನು ಅಂಟಿಸುವುದಂತೂ ಅತಿಯಾಯಿತು. ಜಂತಿಯು ಜಂತಿಯಾಗಿಯೇ ಹುಳುಕಾಗಲಿ.

2008ರ ತಮ್ಮ ಮೊದಲ ಧ್ವನಿಮುದ್ರಿಕೆಯಲ್ಲಿ ರಘು ದೀಕ್ಷಿತ್ ಅವರು ಇದನ್ನು ಗಿಟಾರಿನೊಡನೆ, ರಾಕ್ ಸಂಗೀತಕ್ಕೆ ಸಮೀಪವಾದ ಧಾಟಿಯಲ್ಲಿ ಹಾಡಿದರು. (ಏಕತಾರಿ ಹೋಯಿತೆಂದು ಮುನಿಯುವವರ ಪಕ್ಷ ನನ್ನದಲ್ಲ.) ಪದವನ್ನು ಅಲ್ಲಿಯೇ ಮೊದಲು ಕೇಳಿದ ವಿದ್ಯಾರ್ಥಿಗಳು ಅನೇಕರು, ಮಣ್ಣಿನ ಮಾಳಿಗೆಯ ಕೆಳಗೆ ಮಲಗಿದವರು ವಿರಳ. ಅಂಥವರಿಗೆ ಅಧ್ಯಾಪಕನು ಮೊದಲು ಹೇಳಬೇಕಾದದ್ದು ಆ ಮಣ್ಣನ್ನು ಎಲ್ಲಿಂದ ತರುತ್ತಿದ್ದರು, ಹೇಗೆ ತುಳಿಯುತ್ತಿದ್ದರು ಎಂಬುದನ್ನು.