ಕಳವಾರದುರ್ಗಕ್ಕೆ ಕ್ಲಿಕ್-3

ವಡೋದರಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಒಂದು ಕಾಲಕ್ಕೆ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ. ಈಗ ಹಳೆಯ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದನ್ನು ಹೆಗಲಿಗೇರಿಸಿ, ಕಳವಾರದುರ್ಗವೆಂದೂ ಕರೆಯುವ ಕೋಟೆಬೆಟ್ಟ ಸ್ಕಂದಗಿರಿಯನ್ನು ಹತ್ತಬಹುದೇ? ಹತ್ತಬಹುದು, ಸೂರ್ಯೋದಯದ ಆಸೆ ಬಿಟ್ಟರೆ.

ಇದರ ಶಟರ್‌ಗೆ ಒಂದೇ ವೇಗ, ಮಸೂರದ ಕಿಂಡಿಯೂ ಕಿರಿದು. ನಸುಕಿನ ಮಬ್ಬುಬೆಳಕು ಅದಕ್ಕೆ ಸಾಲದು. ಐಎಸ್ಒ 400ರ ಫಿಲ್ಮ್ ಹಾಕಿದರೂ ಬಿಸಿಲು ಕೋಟೆಗೋಡೆಗೆ ತಾಗುವವರೆಗೆ ಸುಮ್ಮನೆ ಕೂರಬೇಕು. ಜೊತೆಯವರು ಮೊಬೈಲಿನಲ್ಲಿ ನೂರು ಚಿತ್ರ ಹೊಡೆದು ಮುಗಿಸಿರುತ್ತಾರೆ!

ಆಮೇಲೆ ಇದರ ಸರದಿ. 120 ರೋಲಿನಲ್ಲಿ ಹನ್ನೆರಡೇ ಚೌಕ ಚಿತ್ರ. ಆದರೆ ಒಂದೊಂದು ನೆಗೆಟಿವ್ವೂ 35 ಎಂಎಂ ನೆಗೆಟಿವ್‌ನ ಮೂರೂವರೆ ಪಟ್ಟಿಗಿಂತ ದೊಡ್ಡದು. ಕೆಳಗೆ ಹರಡಿದ ಮೋಡ, ಆಚೆಗೆ ನಂದಿಬೆಟ್ಟ: ಬಿಳಿಯಿಂದ ಬೂದಿಗೆ ಜಾರುವ ಆ ನಯವಾದ ಛಾಯೆಗಳನ್ನು ಇಷ್ಟಗಲದ ಫಿಲ್ಮ್ ಚೆನ್ನಾಗಿ ಹಿಡಿಯುತ್ತದೆ. ಸರಳ ಮಸೂರವಾದ್ದರಿಂದ ನಡುಭಾಗ ಸ್ಪಷ್ಟ, ಅಂಚುಗಳು ಕದಡಿದ ಹಾಗೆ. ಮಂಜಿನ ಚಿತ್ರಕ್ಕೆ ನನಗದು ದೋಷವೆನಿಸಿಲ್ಲ. ಗುಂಪಿನ ಫೋಟೋದಲ್ಲಿ ಮೂಲೆಗೆ ನಿಂತವರು ಬೇರೆ ಮಾತು ಹೇಳಿಯಾರು.

ಹಿಂಬದಿಯ ಕೆಂಪು ಕಿಟಕಿಯಲ್ಲಿ ಅಂಕಿ ನೋಡಿ ಫಿಲ್ಮ್ ಸುತ್ತಬೇಕು; ಮರೆತರೆ ಒಂದರ ಮೇಲೊಂದು ಚಿತ್ರ ಬೀಳುತ್ತದೆ. ಬ್ಯಾಟರಿ ಇಲ್ಲ, ಭಾರವಿಲ್ಲ. ಬಂಡೆ ಹತ್ತುವಾಗ ಇವೆರಡೂ ದೊಡ್ಡ ಗುಣ.

1980ರ ದಶಕದಲ್ಲಿ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಹೋಲ್ಗಾ ಇದಕ್ಕೆ ಪ್ರತಿಸ್ಪರ್ಧಿ. ಅದರ 120ಎನ್ ಮಾದರಿಯಲ್ಲಿ ಶಟರನ್ನು ಬೇಕಾದಷ್ಟು ಹೊತ್ತು ತೆರೆದಿಡುವ ‘ಬಲ್ಬ್’ ಸೌಲಭ್ಯವೂ ಟ್ರೈಪಾಡ್ ತಿರುಪೂ ಇವೆ. ಸೂರ್ಯೋದಯವೇ ಬೇಕೆಂಬ ಹಟವಿದ್ದವರು ಅದನ್ನೇ ಒಯ್ಯಲಿ, ಬೆಳಕು ಸೋರದಂತೆ ಕಪ್ಪು ಟೇಪಿನ ಸುರುಳಿಯ ಸಮೇತ. ಎರಡರಲ್ಲೂ ಕೈ ಕಚ್ಚುವುದು ಕ್ಯಾಮೆರಾ ಅಲ್ಲ, ರೋಲು ಮತ್ತು ಅದನ್ನು ತೊಳೆಸುವ ಖರ್ಚು.