ನೆಲ ಬಿಡಿಸಿಕೊಡುವ ಬಂಧು: ಹೀಬ್ರೂ ಗ್ರಂಥದ ವಿಮೋಚಕ ದೇವರು

ಹೀಬ್ರೂ ಧರ್ಮಗ್ರಂಥವು ದೇವರನ್ನು ವಿಮೋಚಕನೆಂದು ಕರೆಯುವುದನ್ನು ಕನ್ನಡ ಓದುಗರು ಸಾಮಾನ್ಯವಾಗಿ ಭಕ್ತರಕ್ಷಣೆ ಅಥವಾ ಮೋಕ್ಷದ ಚೌಕಟ್ಟಿನಲ್ಲಿ ಗ್ರಹಿಸುತ್ತಾರೆ. ಹಾಸನ ಸೀಮೆಯಲ್ಲಿ ಎರಡಕ್ಕೂ ಗಟ್ಟಿ ನೆಲೆಗಳಿವೆ: ಹೊಳೆನರಸೀಪುರದಲ್ಲಿ ಪೂಜೆಗೊಳ್ಳುವ ನರಸಿಂಹನು ಪ್ರಹ್ಲಾದನಿಗಾಗಿ ಧಾವಿಸಿ ಬಂದ ದೇವರು, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಜೈನ ಸಿದ್ಧಾಂತದಲ್ಲಾದರೋ ತೀರ್ಥಂಕರರು ದಾರಿ ತೋರುವವರೇ ಹೊರತು ಪರರ ಕರ್ಮವನ್ನು ಕಳೆಯುವವರಲ್ಲ. ಹೀಬ್ರೂ ಗ್ರಂಥದ 'ಗೋಏಲ್', ಅಂದರೆ ವಿಮೋಚಕ, ಇಬ್ಬರಂತೆಯೂ ಅಲ್ಲ, ಏಕೆಂದರೆ ಅವನು ಮೂಲತಃ ದೇವರಲ್ಲ, ಹತ್ತಿರದ ರಕ್ತಸಂಬಂಧಿ.

ಬಡತನದಿಂದ ಹೊಲ ಮಾರಿದವನ ಪರವಾಗಿ ಹಣ ತೆತ್ತು ಅದನ್ನು ಬಿಡಿಸುವುದು, ಸಾಲಕ್ಕೆ ಪರಕೀಯನ ಜೀತಕ್ಕೆ ಸೇರಿದ ಸಹೋದರನನ್ನು ಕರೆತರುವುದು ಅವನ ಕರ್ತವ್ಯವೆಂದು ಯಾಜಕಕಾಂಡದ 25ನೆಯ ಅಧ್ಯಾಯ ವಿಧಿಸುತ್ತದೆ; ಯಾರೂ ಬಿಡಿಸದಿದ್ದರೂ 50ನೆಯ ವರ್ಷವಾದ ಜೂಬಿಲಿಯಲ್ಲಿ ಹೊಲವು ಮೂಲ ಮನೆತನಕ್ಕೆ ಮರಳಬೇಕು. ಭೋಗ್ಯಕ್ಕೆ ಹೋದ ಗದ್ದೆಯನ್ನು ಬಿಡಿಸಿಕೊಳ್ಳುವ ಕಷ್ಟವನ್ನು ಬಲ್ಲ, ದಾಯಾದಿಯೆಂದರೆ ಪಾಲಿಗೆ ಬಡಿದಾಡುವವನೆಂದೇ ತಿಳಿದ ಅರಕಲಗೂಡಿನ ಒಕ್ಕಲಿಗೆ, ದಾಯಾದಿಯ ಮೇಲೆಯೇ ಈ ಹೊಣೆ ಹೊರಿಸಿದ ಶಾಸನದ ಧೈರ್ಯ ಕೂಡಲೇ ಅರ್ಥವಾದೀತು.

ಈ ಹೊಣೆಯ ತೂಕವನ್ನು ರೂತಳ ಗ್ರಂಥದ ನಾಲ್ಕನೆಯ ಅಧ್ಯಾಯದಷ್ಟು ನಿಚ್ಚಳವಾಗಿ ಬೇರಾವ ಭಾಗವೂ ತೋರಿಸುವುದಿಲ್ಲ. ಬೇತ್ಲೆಹೇಮಿನ ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರ ಎದುರು, ಹೆಸರೂ ಹೇಳದ ಹತ್ತಿರದ ಬಂಧುವೊಬ್ಬನು ವಿಧವೆ ನೊವೊಮಿಯ ಹೊಲವನ್ನು ಬಿಡಿಸಲು ಮೊದಲು ಒಪ್ಪಿ, ಮೋವಾಬಿನ ಸೊಸೆ ರೂತಳನ್ನೂ ಸ್ವೀಕರಿಸಿ ಅವಳ ಸತ್ತ ಗಂಡನ ಹೆಸರನ್ನು ಉಳಿಸಬೇಕೆಂದು ತಿಳಿದೊಡನೆ, ತನ್ನ ಸ್ವಂತ ಸ್ವತ್ತಿಗೆ ನಷ್ಟವಾದೀತೆಂದು ಹಕ್ಕು ಬಿಟ್ಟ ಗುರುತಾಗಿ ಕೆರ ಕಳಚಿಕೊಟ್ಟು ಹಿಂದೆ ಸರಿಯುತ್ತಾನೆ, ಮತ್ತು ಇನ್ನೊಬ್ಬ ಬಂಧುವಾದ ಬೋವಜನು ಆ ನಷ್ಟವನ್ನು ತಲೆಯ ಮೇಲೆ ಹೊರುತ್ತಾನೆ. ಹಿಂದೆ ಸರಿದವನನ್ನು ಕಥೆ ನಿಂದಿಸದಿರುವುದರಿಂದಲೇ ಬೋವಜನು ತೆತ್ತ ಬೆಲೆ ಓದುಗನಿಗೆ ನಿಜವಾಗಿ ತಟ್ಟುತ್ತದೆ.

ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ನೆಲ ಮುಳುಗಿ ಒಕ್ಕಲೆದ್ದ ಶೆಟ್ಟಿಹಳ್ಳಿಯಂಥ ಕಡೆ, ಬಿಡಿಸಿಕೊಡಲು ಹೊಲವೇ ಉಳಿಯದಿದ್ದರೆ ಬಂಧು ಮಾಡುವುದೇನೆಂಬ ಪ್ರಶ್ನೆ ಏಳುತ್ತದೆ. ಕ್ರಿ.ಪೂ. 6ನೆಯ ಶತಮಾನದಲ್ಲಿ ಬಾಬಿಲೋನಿಗೆ ಸೆರೆಹೋದ ಯೆಹೂದ್ಯರನ್ನೂ ಇದೇ ಪ್ರಶ್ನೆ ಕಾಡಿತ್ತು. ಯೆಶಾಯ ಗ್ರಂಥದ 40ರಿಂದ 55ರವರೆಗಿನ ಅಧ್ಯಾಯಗಳು ಯೆಹೋವನನ್ನೇ ಮತ್ತೆ ಮತ್ತೆ ಗೋಏಲ್ ಎಂದು ಕರೆದು, ಮನುಷ್ಯರು ಯಾರೂ ಹೊರಲಾಗದ ಋಣವನ್ನು ದೇವರ ಹೆಗಲಿಗೇರಿಸುತ್ತವೆ. ಹೀಬ್ರೂ ಚಿಂತನೆಯ ಅತಿ ದೊಡ್ಡ ಸಾಹಸವಿದು.

ಆದರೂ 52ನೆಯ ಅಧ್ಯಾಯದಲ್ಲಿ ಹಣವಿಲ್ಲದೆ ಬಿಡುಗಡೆಯೆನ್ನುವ ಅದೇ ಗ್ರಂಥವು 43ನೆಯದರಲ್ಲಿ ಇಸ್ರಾಯೇಲಿಗಾಗಿ ಐಗುಪ್ತ, ಕೂಷ್, ಸೆಬಾ ನಾಡುಗಳನ್ನೇ ಈಡಾಗಿ ತೆತ್ತಂತೆ ಹೇಳುವಾಗ, ಬಂಧುತ್ವದ ಬೇಲಿ ಎಷ್ಟು ಬಿಗಿಯೆಂಬುದು ಕಾಣುತ್ತದೆ. ಹತ್ಯೆಗೆ ಸೇಡು ತೀರಿಸುವವನಿಗೂ ಅರಣ್ಯಕಾಂಡದ 35ನೆಯ ಅಧ್ಯಾಯ ಗೋಏಲ್ ಎಂಬ ಹೆಸರನ್ನೇ ಕೊಟ್ಟಿದೆ. ಪರನಾಡಿನ ಹೆಣ್ಣನ್ನು ಬೇಲಿಯ ಒಳಗೆ ಬರಮಾಡಿಕೊಂಡು, ದಾವೀದನ ವಂಶಕ್ಕೆ ಅವಳನ್ನೇ ಮೂಲಮಾತೆಯಾಗಿಸಿದ ರೂತಳ ಗ್ರಂಥವು ಈ ಒಂದು ವಿಷಯದಲ್ಲಿ ಆ ಮಹಾಪ್ರವಾದಿಯ ವಾಕ್ಯಗಳಿಗಿಂತ ಮುಂದಿದೆ.