ಸಂಕ ಕಟ್ಟೋಕೆ ಜೆನೆಟಿಕ್ ಆಲ್ಗರಿದಮ್ ಯಾಕೆ?

ನಮ್ಮನೆ ಸಿದ್ದಾಪುರದ ಕಡೆ. ಮನೆಗೂ ರಸ್ತೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲ, ಆಷಾಢದಲ್ಲಿ ಅದರ ಗತ್ತೇ ಬೇರೆ. ಪ್ರತಿ ವರ್ಷ ಮಳೆ ಹಿಡಿಯೋ ಮೊದಲು ಅಪ್ಪಯ್ಯ ಅಡಿಕೆ ಮರ ಹಾಸಿ, ಕೈಗೆ ಬಿದಿರು ಕಟ್ಟಿ ಕಾಲುಸಂಕ ಮಾಡುತ್ತಾನೆ. ಅಣ್ಣನ ಮಕ್ಕಳು ಶಾಲೆಗೆ ಹೋಗೋದು ಅದರ ಮೇಲೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಲ್ಯಾಣ್ಮಯ್ ದೇಬ್ ಅವರ ‘ಆಪ್ಟಿಮೈಸೇಶನ್ ಫಾರ್ ಎಂಜಿನಿಯರಿಂಗ್ ಡಿಸೈನ್’ (1995) ಕೈಗೆ ಸಿಕ್ಕಿತ್ತು. ನೇರ ಕೊನೆಯ ಅಧ್ಯಾಯಕ್ಕೆ ಹಾರಿದೆ. ಅಲ್ಲಿರೋದು ಜೆನೆಟಿಕ್ ಆಲ್ಗರಿದಮ್, ಎಲ್ಲರಿಗೂ ಹುಚ್ಚು ಹಿಡಿಸುವ ವಿಷಯ. ಎರಡು ರಾತ್ರಿ ಕೂತು ನಮ್ಮ ಸಂಕಕ್ಕೇ ಕೋಡ್ ಬರೆದೆ. ಎಷ್ಟು ಮರ, ಎಷ್ಟು ಉದ್ದ, ಎಷ್ಟು ಎತ್ತರ? ಉತ್ತರ ಬಂತು: ಅಪ್ಪಯ್ಯ ಕಟ್ಟೋದಕ್ಕಿಂತ ಕೆಳಗೆ, ಗಿಡ್ಡಕ್ಕೆ, ಕಡಿಮೆ ಮರದಲ್ಲಿ.

ಉತ್ತರದಲ್ಲಿ ತರ್ಕ ಇತ್ತು. ದಂಡೆಗಳು ಇಳಿಜಾರು, ಕೆಳಗಿಳಿದಷ್ಟೂ ಹಳ್ಳ ಕಿರಿದು. ನಡುವೆ ಒಬ್ಬ ನಿಂತರೆ ಸಂಕ ಬಾಗೋದು ಉದ್ದದ ಘನಕ್ಕೆ ತಕ್ಕಂತೆ. 12 ಅಡಿಯದು 15 ಅಡಿಯಾದರೆ ಬಾಗೋದು ಹೆಚ್ಚುಕಮ್ಮಿ ಎರಡು ಪಟ್ಟು. ಹಾಗಾಗಿ ಪ್ರೋಗ್ರಾಮು ಸಂಕವನ್ನು ಕೆಳಗೆ ಕೆಳಗೆ ತಳ್ಳಿ, ನಾನು ಕೊಟ್ಟ ನೀರಿನ ಮಟ್ಟಕ್ಕೆ ತಾಗಿಸಿ ನಿಲ್ಲಿಸಿತ್ತು. ಆ ಮಟ್ಟ ಮಳೆಗಾಲದ ಸರಾಸರಿ.

ಅಪ್ಪಯ್ಯ ಚೀಟಿ ನೋಡಿ ಒಂದೇ ಮಾತು ಹೇಳಿದ: “ತಮಾ, ಹೊಳೆ ಸರಾಸರಿ ನೋಡ್ಕ್ಯಂಡು ಬತ್ತಿಲ್ಲೆ.” ತನ್ನ ಎತ್ತರಕ್ಕೇ ಕಟ್ಟಿದ. ಆ ವರ್ಷ ನೀರು ಅವನ ಸಂಕದಿಂದ ಒಂದು ಗೇಣು ಕೆಳಗಿನವರೆಗೆ ಬಂತು. ನನ್ನ ಸಂಕ ಆಗಿದ್ದರೆ ಮುಳುಗಿರುತ್ತಿತ್ತು. ಮಕ್ಕಳು ದಾಟುವ ಹೊತ್ತಿಗೆ ಮುಳುಗಿದ್ದರೆ? ಅಲ್ಲಿಂದ ಮುಂದೆ ನಾನು ಯೋಚಿಸೋದಿಲ್ಲ.

ಆಮೇಲೆ ಪುಸ್ತಕವನ್ನು ಮೊದಲಿಂದ ಓದಿದೆ. ತಪ್ಪು ದೇಬ್ ಅವರದ್ದಲ್ಲ. ಅಸ್ಥಿರಗಳು ಯಾವುವು, ನಿರ್ಬಂಧಗಳೇನು, ಗುರಿ ಏನು ಅಂತ ಮೊದಲ ಅಧ್ಯಾಯದಲ್ಲೇ ಕೇಳುತ್ತಾರೆ. ವಿಧಾನಗಳ ಜೋಡಣೆಯೂ ಚೆನ್ನ. ಅಸ್ಥಿರ ಒಂದೇ, ಕಣಿವೆಯೂ ಒಂದೇ ಆದರೆ ಗೋಲ್ಡನ್ ಸೆಕ್ಷನ್ ಸಾಕು, ಹುಡುಕುವ ಜಾಗ ಪ್ರತಿ ಹೆಜ್ಜೆಗೂ 61.8 ಪ್ರತಿಶತಕ್ಕೆ ಇಳಿಯುತ್ತೆ. ಇಳಿಜಾರು ನುಣುಪಾಗಿದ್ದರೆ ಗ್ರೇಡಿಯಂಟ್ ಹಿಡಿದು ಇಳಿಯಬಹುದು. ಬಿಡಿಬಿಡಿ ಆಯ್ಕೆಗಳು, ಹತ್ತಾರು ಕಣಿವೆಗಳು ಇದ್ದಾಗ ಮಾತ್ರ ಜೆನೆಟಿಕ್ ಆಲ್ಗರಿದಮ್ಮಿಗೆ ಅರ್ಥ. ಎಲ್ಲಾ ಸಮಸ್ಯೆಗೂ ಮೇಲಾದ ಒಂದೇ ವಿಧಾನ ಇಲ್ಲ ಅಂತ ವೋಲ್ಪರ್ಟ್ ಮತ್ತು ಮ್ಯಾಕ್ರೆಡಿ 1997ರಲ್ಲಿ ಸಾಧಿಸಿಯೂ ತೋರಿಸಿದರು. ನಮ್ಮ ಸಂಕಕ್ಕೆ ಇದ್ದ ಆಯ್ಕೆಗಳು ಮೂರು ಜಾಗ, ಎರಡೋ ಮೂರೋ ನಾಲ್ಕೋ ಮರ. ಒಂಬತ್ತು ಸಾಲಿನ ಲೆಕ್ಕ, ಚೀಟಿಯ ಹಿಂಬದಿ ಸಾಕಿತ್ತು.

ಆದರೂ ನನ್ನದೊಂದು ತಕರಾರಿದೆ. ಪುಸ್ತಕದಲ್ಲಿ ಮತ್ತೆ ಮತ್ತೆ ಬರೋದು ಹಿಮ್ಮೆಲ್‌ಬ್ಲೌ ಫಂಕ್ಷನ್. ನಾಲ್ಕು ಕಣಿವೆ, ನಾಲ್ಕೂ ಒಂದೇ ಆಳ, ಸೂತ್ರ ಕೈಯಲ್ಲೇ ಇದೆ. ಅದರ ಮೇಲೆ ಪಳಗಿದವನಿಗೆ ಕಣಿವೆಯ ನಕ್ಷೆ ಯಾರೋ ಕೊಟ್ಟೇ ಕೊಡುತ್ತಾರೆ ಅನ್ನೋ ಅಭ್ಯಾಸ ಬೀಳುತ್ತೆ. ಆಪ್ಟಿಮಮ್ ಬಹಳ ಸಲ ನಿರ್ಬಂಧದ ಗೆರೆಗೇ ಅಂಟಿಕೊಂಡಿರುತ್ತೆ. ಗೆರೆ ಒಂದು ಗೇಣು ತಪ್ಪಿದರೆ ಉತ್ತರವೂ ಅಷ್ಟೇ ತಪ್ಪುತ್ತೆ, ವಿಧಾನ ಎಷ್ಟೇ ಜಾಣತನದ್ದಿರಲಿ. ಆ ಗೆರೆಯನ್ನು ಯಾರ ಹತ್ತಿರ ಕೇಳಬೇಕು ಅನ್ನೋದಕ್ಕೂ ಒಂದು ಅಧ್ಯಾಯ ಇರಬೇಕಿತ್ತು.

ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದ್ದನ್ನು ನಾನು ಹೀಗೇ ಓದಿಕೊಳ್ಳುತ್ತೇನೆ. ದಾಟಬೇಕಾದದ್ದು ಲಾರಿಯಲ್ಲ, ಜನ. ಪ್ರಶ್ನೆಯೇ ಬದಲಾದಾಗ ಸೇತುವೆಯ ಜಾತಿಯೂ ಬದಲಾಯಿತು.

ಈಗ ಆಫೀಸಿನ ಡಿಸೈನ್ ರಿವ್ಯೂಗಳಲ್ಲಿ ಯಾವ ಆಲ್ಗರಿದಮ್ ಅಂತ ನಾನು ಮೊದಲು ಕೇಳೋದಿಲ್ಲ. ಸರ್ವರಿಗೆ ಅತಿ ಕೆಟ್ಟ ದಿನ ಯಾವುದು, ಅದನ್ನು ಕಂಡವರು ಯಾರು ಅಂತ ಕೇಳ್ತೀನಿ. ಕೆಲವರು ನಗ್ತಾರೆ. ನಗಲಿ, ಅವರ ಊರಲ್ಲಿ ಹಳ್ಳ ಇರಲಿಕ್ಕಿಲ್ಲ.